ಪೋರ್ಟ್ ಕಿತ್ತ ಬೋರ್ಡಿಗೆ ಬಾಲ ಹಾಕುವುದು

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ ಓದುತ್ತಿದ್ದೇನೆ. ಊರು ಚನ್ನಗಿರಿ ಹತ್ತಿರ. ತೋಟದ ಬೋರ್‌ವೆಲ್ ಮೋಟರಿಗೆ ತ್ರೀ ಫೇಸ್ ಬಂದ ತಕ್ಷಣ ಮೊಬೈಲಿಗೆ ಮೆಸೇಜ್ ಬರುವ ಹಾಗೆ ಇಎಸ್‌ಪಿ32 ಬೋರ್ಡಿನಲ್ಲಿ (ವೈಫೈ ಇರುವ, ಪ್ರೋಗ್ರಾಂ ಹಾಕಿ ಓಡಿಸುವ ಸಣ್ಣ ಬೋರ್ಡ್) ಪ್ರಾಜೆಕ್ಟ್ ಮಾಡಿದ್ದೇನೆ. ಮೊನ್ನೆ ಕೇಬಲ್ ತಮ್ಮನ ಕಾಲಿಗೆ ಸಿಕ್ಕಿ ಬೋರ್ಡ್ ಕೆಳಗೆ ಬಿತ್ತು. ಮೈಕ್ರೊ ಯುಎಸ್‌ಬಿ ಪೋರ್ಟ್ ಅರ್ಧ ಎದ್ದು ಬಂತು. ಫೆವಿಕ್ವಿಕ್ ಹಾಕಿ ಒತ್ತಿ ಕೂರಿಸಿದೆ. ಈಗ ಕೇಬಲನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಕೆಂಪು ದೀಪ ಹತ್ತುತ್ತದೆ, ಆದರೆ ಲ್ಯಾಪ್‌ಟಾಪಿನಲ್ಲಿ ಕಾಮ್ ಪೋರ್ಟ್ (ಬೋರ್ಡಿಗೆ ಪ್ರೋಗ್ರಾಂ ಹಾಕುವ ದಾರಿ) ತೋರಿಸುವುದಿಲ್ಲ. ಹತ್ತು ದಿನದಲ್ಲಿ ಡೆಮೊ ಇದೆ. ನನ್ನ ಹತ್ತಿರ 25 ವ್ಯಾಟಿನ ಸಾದಾ ಐರನ್ ಮತ್ತು ಮಲ್ಟಿಮೀಟರ್ ಇದೆ. ರಿಪೇರಿ ಆಗುತ್ತದಾ, ಹೊಸದು ತರಿಸಬೇಕಾ?

ಉತ್ತರ: ಆಗುತ್ತದೆ. ದೀಪ ಹತ್ತುತ್ತಿದೆ ಎಂದರೆ ಬೋರ್ಡ್ ಬದುಕಿದೆ. ಆದರೆ ಹಾಗೆ ಒತ್ತಿ ಹಿಡಿದು ಲ್ಯಾಪ್‌ಟಾಪಿಗೆ ಚುಚ್ಚುವುದನ್ನು ಮಾತ್ರ ಈಗಲೇ ನಿಲ್ಲಿಸಿ. ಮೈಕ್ರೊ ಯುಎಸ್‌ಬಿಯಲ್ಲಿ ಐದು ಕಾಲುಗಳಿವೆ. ಮೊದಲನೆಯದು 5 ವೋಲ್ಟ್, ಎರಡನೆಯದು ಡಿ ಮೈನಸ್, ಮೂರನೆಯದು ಡಿ ಪ್ಲಸ್ (ಡೇಟಾ ಹೋಗುವುದು ಈ ಎರಡರಲ್ಲಿ), ನಾಲ್ಕನೆಯದು ಐಡಿ (ನಮಗೆ ಅದರ ಕೆಲಸವಿಲ್ಲ), ಐದನೆಯದು ಗ್ರೌಂಡ್. ಒಂದು ಕಾಲಿನ ನಡುವಿನಿಂದ ಇನ್ನೊಂದರ ನಡುವಿಗೆ ಬರೀ 0.65 ಮಿಲಿಮೀಟರ್. ಸಡಿಲ ಪೋರ್ಟು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಸಾಕು, 5 ವೋಲ್ಟ್ ಹೋಗಿ ಡಿ ಮೈನಸ್ ಮೇಲೆ ಕೂರುತ್ತದೆ. ಆಗ ಲ್ಯಾಪ್‌ಟಾಪಿನ ಜೊತೆ ಮಾತಾಡುವ ಯುಎಸ್‌ಬಿ ಚಿಪ್ ಹೋಯಿತು ಅಂತಲೇ ಲೆಕ್ಕ. ಹತ್ತಿಪ್ಪತ್ತು ರೂಪಾಯಿಯ ಪೋರ್ಟಿನ ಜಾಗದಲ್ಲಿ ಚಿಪ್ಪನ್ನೂ ಬದಲಿಸಬೇಕಾಗುತ್ತದೆ.

ನನ್ನ ಟೇಬಲ್ಲಿಗೆ ಇಂಥ ಬೋರ್ಡುಗಳು ಕಾಲೇಜಿನ ಪ್ರಾಜೆಕ್ಟ್ ಸೀಸನ್ನಿನಲ್ಲಿ ರಾಶಿ ರಾಶಿ ಬರುತ್ತವೆ. ತಂದವರೆಲ್ಲ ಕೇಳುವುದು ಒಂದೇ, ಪೋರ್ಟ್ ಹಾಕಿಕೊಡಿ ಅಂತ. ನಾನು ಮೊದಲು ನೋಡುವುದು ಪೋರ್ಟನ್ನಲ್ಲ, ಅದರ ಕೆಳಗಿನ ತಾಮ್ರವನ್ನು. ಪೋರ್ಟು ಎರಡು ಕೆಲಸ ಮಾಡುತ್ತಿರುತ್ತದೆ ನೋಡಿ. ಒಂದು, ಕರೆಂಟು ಮತ್ತು ಡೇಟಾ ಸಾಗಿಸುವುದು. ಇನ್ನೊಂದು, ನಮ್ಮ ಕೈ, ಕಾಲು, ಕೇಬಲ್ಲಿನ ಎಳೆತವನ್ನೆಲ್ಲ ತಡೆದುಕೊಳ್ಳುವುದು. ನಿಮ್ಮ ಬೋರ್ಡು ಸೋತದ್ದು ಎರಡನೇ ಕೆಲಸದಲ್ಲಿ. ಅದಕ್ಕೆ ಹೊಸ ಪೋರ್ಟು ಬೆಸೆದು ಸುಮ್ನೆ ಬಿಟ್ಟರೆ ಎರಡು ತಿಂಗಳಲ್ಲಿ ಮತ್ತೆ ಕಿತ್ತು ಬರುತ್ತದೆ, ಈ ಸಲ ತಾಮ್ರವನ್ನೂ ಪೂರ್ತಿ ಕಿತ್ತುಕೊಂಡು.

ಆ ತಾಮ್ರ ಎಷ್ಟು ತೆಳು ಗೊತ್ತಾ? ಸಾಮಾನ್ಯ ಬೋರ್ಡಿನಲ್ಲಿ 35 ಮೈಕ್ರಾನ್. ತಲೆಕೂದಲಿನ ಅರ್ಧದಷ್ಟು ದಪ್ಪ. ಅದನ್ನು ಫೈಬರ್ ಹಲಗೆಗೆ ಹಿಡಿದಿಟ್ಟಿರುವುದು ಒಂದು ಬಗೆಯ ರಾಳ, ಆ ರಾಳ 130–140 ಡಿಗ್ರಿಯಲ್ಲೇ ಮೆತ್ತಗಾಗಲು ಶುರುವಾಗುತ್ತದೆ. ನಮ್ಮ ಐರನ್ನಿನ ತುದಿ 350 ಡಿಗ್ರಿ. ಹಾಗಾಗಿ ಪ್ಯಾಡ್ ಮೇಲೆ, ಅಂದರೆ ಕಾಲು ಬೆಸೆಯುವ ತಾಮ್ರದ ತುಣುಕಿನ ಮೇಲೆ, ಐರನ್ ಇಟ್ಟು ಹತ್ತು ಸೆಕೆಂಡು ಉಜ್ಜುತ್ತಾ ಕೂತರೆ ಪ್ಯಾಡ್ ತಾನೇ ಎದ್ದು ಬರುತ್ತದೆ. ಕೇಬಲ್ ಎಳೆತದ ಲೆಕ್ಕವೂ ಹೀಗೇ. ಪೋರ್ಟಿನ ಉದ್ದ ಅರ್ಧ ಸೆಂಟಿಮೀಟರ್, ಹೊರಗೆ ಚಾಚಿಕೊಂಡ ಪ್ಲಗ್ ಎರಡು ಮೂರು ಸೆಂಟಿಮೀಟರ್. ಹಾರೆಯಿಂದ ಕಲ್ಲು ಎಬ್ಬಿಸುವ ಕೆಲಸವೇ ಅದು. ತಮ್ಮನನ್ನು ಬೈಯಬೇಡಿ ಪಾಪ.

ಈಗ ಮೀಟರ್ ತೆಗೆಯಿರಿ. ಕೇಬಲ್ ಪೂರ್ತಿ ಬಿಚ್ಚಿರಲಿ. ಬೀಪ್ ಮೋಡಿನಲ್ಲಿ ವಿಐಎನ್ (5 ವೋಲ್ಟ್ ಒಳಗೆ ಬರುವ) ಕಾಲು ಮತ್ತು ಜಿಎನ್‌ಡಿ (ಗ್ರೌಂಡ್) ಕಾಲಿನ ಮೇಲೆ ಎರಡು ಕಡ್ಡಿ ಇಡಿ. ಒಂದು ಕ್ಷಣ ಕಿರ್ ಅಂದು ಸುಮ್ಮನಾದರೆ ತೊಂದರೆಯಿಲ್ಲ, ಅದು ಕೆಪಾಸಿಟರ್ ತುಂಬಿಕೊಳ್ಳುವ ಸದ್ದು. ಬಿಡದೆ ಕಿರುಚಿದರೆ ಎಲ್ಲೋ ಶಾರ್ಟ್ ಇದೆ, ಕರೆಂಟು ಕೊಡಬೇಡಿ. ಶಾರ್ಟ್ ಇಲ್ಲದಿದ್ದರೆ ಹಳೇ ಮೊಬೈಲ್ ಚಾರ್ಜರಿನಿಂದ 5 ವೋಲ್ಟನ್ನು ನೇರವಾಗಿ ವಿಐಎನ್ ಮತ್ತು ಜಿಎನ್‌ಡಿಗೆ ಕೊಡಿ. ಪ್ಲಸ್ ಮೈನಸ್ ಅದಲುಬದಲಾದರೆ ಬೋರ್ಡ್ ಸುಡುತ್ತದೆ, ಕೊಡುವ ಮುಂಚೆ ಮೀಟರಿನಲ್ಲಿ ನೋಡಿಕೊಳ್ಳಿ. ಆಮೇಲೆ 3ವಿ3 ಕಾಲಿನಲ್ಲಿ 3.3 ವೋಲ್ಟ್ ಬಂದರೆ ಗೆದ್ದಿರಿ. ಬೋರ್ಡಿನೊಳಗಿರುವ ಪ್ರೋಗ್ರಾಂ ಮೊದಲಿನ ಹಾಗೆ ವೈಫೈ ಹಿಡಿದು ಮೆಸೇಜ್ ಕಳಿಸುತ್ತದೆ. ಅಂದರೆ ಪ್ರೋಗ್ರಾಂ ಬದಲಿಸುವುದು ಬಾಕಿ ಇಲ್ಲದಿದ್ದರೆ ನಿಮ್ಮ ಡೆಮೊ ಈಗಾಗಲೇ ಬಚಾವ್. ಪೋರ್ಟನ್ನು ಮುಟ್ಟಲೇಬೇಡಿ, ವಿಐಎನ್‌ನಿಂದಲೇ ಓಡಿಸಿ, ಪರೀಕ್ಷೆ ಮುಗಿದ ಮೇಲೆ ನಿಧಾನಕ್ಕೆ ರಿಪೇರಿ ಮಾಡಿ.

ವಿಐಎನ್‌ಗೆ 12 ವೋಲ್ಟ್ ಕೊಡಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಯಾವಾಗಲೂ ಬರುತ್ತದೆ. ಬೇಡ. ಈ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಎಂಎಸ್1117 ಅನ್ನುವ ರೆಗ್ಯುಲೇಟರ್ ಇರುತ್ತದೆ, ಹೆಚ್ಚಾದ ವೋಲ್ಟನ್ನೆಲ್ಲ ಅದು ಬಿಸಿ ಮಾಡಿ ಕಳೆಯುತ್ತದೆ. ಬೋರ್ಡು 200 ಮಿಲಿಆಂಪ್ ಎಳೆಯುತ್ತಿದೆ ಅಂದುಕೊಳ್ಳಿ. 5 ವೋಲ್ಟ್ ಕೊಟ್ಟರೆ ಅದರ ಮೇಲೆ ಬೀಳುವುದು ಸುಮಾರು 0.34 ವ್ಯಾಟ್. 12 ಕೊಟ್ಟರೆ 1.74 ವ್ಯಾಟ್. ಬೆರಳಿಟ್ಟರೆ ಬೊಬ್ಬೆ ಏಳುತ್ತದೆ.

ಪ್ರೋಗ್ರಾಂ ಬದಲಿಸಲೇಬೇಕು, ಆದರೆ ಬೆಸುಗೆಗೆ ಧೈರ್ಯವಿಲ್ಲ ಅಂದರೆ ಹೊರಗಿನ ಯುಎಸ್‌ಬಿ ಸೀರಿಯಲ್ ಮಾಡ್ಯೂಲ್ ಒಂದು ತಂದು ಟಿಎಕ್ಸ್0 (ಡೇಟಾ ಕಳಿಸುವ), ಆರ್‌ಎಕ್ಸ್0 (ಡೇಟಾ ಪಡೆಯುವ) ಕಾಲುಗಳಿಗೆ ಅಡ್ಡಡ್ಡ ಜೋಡಿಸಬಹುದು: ಮಾಡ್ಯೂಲಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಇದರ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡಿಗೆ. ಮಾಡ್ಯೂಲಿನ ಸಿಗ್ನಲ್ 3.3 ವೋಲ್ಟಿನದೇ ಇರಬೇಕು, ಇಎಸ್‌ಪಿ32 ಕಾಲುಗಳಿಗೆ 5 ತಾಗಿಸಬಾರದು. ಬೂಟ್ ಬಟನ್ ಒತ್ತಿ ಹಿಡಿದು ಇಎನ್ (ರೀಸೆಟ್) ಬಟನ್ ಒಂದು ಸಲ ಒತ್ತಿ ಬಿಟ್ಟರೆ ಅಪ್‌ಲೋಡಿಗೆ ತಯಾರಾಗುತ್ತದೆ. ಒಂದು ತಕರಾರು ಇದೆ. ಬೋರ್ಡಿನ ಮೇಲಿರುವ ಹಳೇ ಯುಎಸ್‌ಬಿ ಚಿಪ್ ಕೂಡ ಅದೇ ಆರ್‌ಎಕ್ಸ್0 ಸಾಲಿಗೆ ಸೇರಿರುತ್ತದೆ. ಕೆಲವು ಬೋರ್ಡುಗಳಲ್ಲಿ ಎರಡೂ ಒಂದೇ ಹಗ್ಗವನ್ನು ಎಳೆದಾಡಿ ಅಪ್‌ಲೋಡ್ ನಿಂತುಹೋಗುತ್ತದೆ. ಅಪ್‌ಲೋಡ್ ಆದರೆ ಆಯಿತು, ಆಗದಿದ್ದರೆ ಮುಂದೆ ಓದಿ.

ಐರನ್ ಕಾಯಿಸುವ ಮುಂಚೆ ಇನ್ನೊಂದು ಪರೀಕ್ಷೆ. ಕೇಬಲ್ ಸರಿ ಇದೆಯಾ? ನಗಬೇಡಿ. ಚಾರ್ಜಿಂಗಿಗೆ ಮಾತ್ರ ಅಂತ ಮಾರುವ ಎಷ್ಟೋ ಕೇಬಲ್ಲುಗಳೊಳಗೆ ಡೇಟಾ ತಂತಿಯೇ ಇರುವುದಿಲ್ಲ, ದೀಪ ಹತ್ತುತ್ತದೆ, ಕಾಮ್ ಪೋರ್ಟ್ ಬರುವುದಿಲ್ಲ. ನೀವು ಹೇಳಿದ ಲಕ್ಷಣವೇ ಅಲ್ವಾ? ನಿಮ್ಮ ಕಣ್ಣೆದುರೇ ಪೋರ್ಟು ಎದ್ದು ಬಂದಿರುವುದರಿಂದ ನಿಮ್ಮದು ಅದಲ್ಲ, ಆದರೂ ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ. ಪೋರ್ಟು ಬರೀ ಸಡಿಲ ಅನಿಸಿದರೂ ಮೊದಲು ಕೇಬಲ್ಲನ್ನೇ ಬದಲಿಸಿ ನೋಡಿ. ಮೈಕ್ರೊ ಯುಎಸ್‌ಬಿ ಮಾಡುವಾಗ ಸವೆಯುವ ಸ್ಪ್ರಿಂಗುಗಳನ್ನು ಬೇಕೆಂದೇ ಕೇಬಲ್ ಕಡೆಗೆ ಇಟ್ಟಿದ್ದಾರೆ, ಸವೆದರೆ ಅಗ್ಗದ ಕೇಬಲ್ ಹೋಗಲಿ ಅಂತ. ಪೋರ್ಟಿಗೆ 10,000 ಸಲ ಚುಚ್ಚಿ ತೆಗೆಯುವ ಆಯುಷ್ಯ ಲೆಕ್ಕ ಹಾಕಿದ್ದಾರೆ. ಅದು ನೆಟ್ಟಗೆ ಚುಚ್ಚಿ ನೆಟ್ಟಗೆ ತೆಗೆದರೆ, ಅಷ್ಟೇ.

ಸರಿ, ಫೆವಿಕ್ವಿಕ್ ವಿಷಯಕ್ಕೆ ಬರೋಣ. ಚಪ್ಪಲಿಗೆ, ಮಗ್ಗಿಗೆ ಒಳ್ಳೆಯದು, ಇಲ್ಲಿ ಎರಡು ಕೇಡು ಮಾಡುತ್ತದೆ. ನೀರಿನ ಹಾಗೆ ಹರಿದು ಪೋರ್ಟಿನೊಳಗಿನ ಕಾಲುಗಳ ಮೇಲೆ ಪೊರೆ ಕಟ್ಟುತ್ತದೆ, ಆ ಪೊರೆಯಲ್ಲಿ ಕರೆಂಟು ಹರಿಯುವುದಿಲ್ಲ. ಮತ್ತೆ ಅದರ ಮೇಲೆ ಐರನ್ ಇಟ್ಟರೆ ಬರುವ ಹೊಗೆ ಕಣ್ಣು ಮೂಗು ಎರಡನ್ನೂ ಉರಿಸುತ್ತದೆ. ಮೊದಲು ಅದನ್ನು ಬಿಡಿಸಬೇಕು. ಅಸಿಟೋನ್ ಬೇಕು, ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇರುವುದನ್ನು ತಂದರೂ ನಡೆಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಅದ್ದಿ ಗಮ್ ಇರುವ ಕಡೆ ಮಾತ್ರ ಒತ್ತಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಬಟನ್ನು, ಪ್ಲಾಸ್ಟಿಕ್ ಹೆಡರ್ ಮೇಲೆ ಬೀಳಿಸಬೇಡಿ, ಕೆಲವು ಪ್ಲಾಸ್ಟಿಕ್ ಕರಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಕಾದ ಐರನ್ನೂ ಬೇಡ. ಒಂದು ಗಂಟೆ ಹಿಡಿದರೂ ಅವಸರ ಮಾಡಬೇಡಿ. ಇಲ್ಲಿ ಅವಸರ ಮಾಡಿದವನು ನಾನೇ: ಈ ಕೆಲಸ ಹೊಸದಿದ್ದಾಗ ಗಿರಾಕಿ ಎದುರಿಗೆ ನಿಂತಿದ್ದಾನೆ ಅಂತ ನೋಸ್ ಪ್ಲೈಯರಿನಲ್ಲಿ ಹಿಡಿದು ಎಬ್ಬಿಸಿದೆ, ಪೋರ್ಟಿನ ಜೊತೆಗೆ ಮೂರು ಟ್ರ್ಯಾಕ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಚಿಪ್ಪಿನವರೆಗೂ ಸಿಪ್ಪೆ ಸುಲಿದ ಹಾಗೆ ಬಂದವು. ಆವತ್ತು ನನ್ನ ಕೈಯಿಂದ ಹೊಸ ಬೋರ್ಡ್ ಕೊಡಿಸಿದೆ.

ಪೋರ್ಟ್ ತೆಗೆಯುವುದಕ್ಕೆ ನಿಮ್ಮ 25 ವ್ಯಾಟಿನ ಐರನ್ ಸಾಲುವುದಿಲ್ಲ. ಪೋರ್ಟಿನ ತಗಡಿನ ಮೈ ಗ್ರೌಂಡಿಗೆ ಸೇರಿರುತ್ತದೆ, ಗ್ರೌಂಡ್ ತಾಮ್ರ ಬೋರ್ಡಿನ ತುಂಬ ಹರಡಿರುತ್ತದೆ, ನೀವು ಕೊಟ್ಟ ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. ಜೊತೆಗೆ ಫ್ಯಾಕ್ಟರಿಯಲ್ಲಿ ಹಾಕಿರುವುದು ಹೆಚ್ಚಾಗಿ ಸೀಸವಿಲ್ಲದ ಸೋಲ್ಡರ್, ಅದು ಕರಗುವುದು 217 ಡಿಗ್ರಿಯ ಮೇಲೆ. ನಮ್ಮ ಅಂಗಡಿಗಳಲ್ಲಿ ಲೆಡ್ ಅಂತ ಸಿಗುವ 63/37 ಸೋಲ್ಡರ್ 183ಕ್ಕೇ ಕರಗುತ್ತದೆ. ಅದಕ್ಕೆ ಒಂದು ಹಳೇ ಉಪಾಯ: ಪೋರ್ಟಿನ ಎಲ್ಲ ಕಾಲಿಗೂ ಮೊದಲು ಹೊಸ ಲೆಡ್ ಬೆರೆಸಿ, ಧಾರಾಳ ಫ್ಲಕ್ಸ್ (ಲೆಡ್ ಚೆನ್ನಾಗಿ ಹಿಡಿಯಲಿ ಅಂತ ಹಚ್ಚುವುದು) ಹಾಕಿ. ಎರಡೂ ಬೆರೆತರೆ ಕಡಿಮೆ ಬಿಸಿಗೇ ಕರಗುತ್ತದೆ. ಇಷ್ಟು ಮಾಡಿಕೊಂಡು ಗೊತ್ತಿರುವ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ. ಮೊಬೈಲ್ ರಿಪೇರಿಯವರ ಹತ್ತಿರ ಬಿಸಿ ಗಾಳಿ ಊದುವ ಮಷಿನ್ ಇದ್ದೇ ಇರುತ್ತದೆ. ದಿನಕ್ಕೆ ಎಷ್ಟೋ ಚಾರ್ಜಿಂಗ್ ಜಾಕ್ ಕಿತ್ತು ಹಾಕುವವರು ಅವರು, ಕೈ ನಮಗಿಂತ ಚುರುಕು. ಹೊಸದು ಹಾಕಬೇಡಿ, ಹಳೇದನ್ನು ತೆಗೆದು ಕ್ಲೀನ್ ಮಾಡಿ ಕೊಡಿ ಸಾಕು ಅನ್ನಿ. ಪಕ್ಕದ ಭಾಗಗಳಿಗೆ ಬಿಸಿ ತಡೆಯುವ ಹಳದಿ ಕ್ಯಾಪ್ಟಾನ್ ಟೇಪ್ ಸುತ್ತಿ ಮಾಡಲಿ. ಟೀ ಕುಡಿಯುವಷ್ಟು ಹೊತ್ತಿನ ಕೆಲಸ.

ಪೋರ್ಟು ಅರ್ಧಕ್ಕಿಂತ ಜಾಸ್ತಿ ಎದ್ದಿದ್ದು ಅಸಿಟೋನ್ ಹಾಕಿದ ಮೇಲೆ ತಾನೇ ಬಿಟ್ಟು ಬಂದರೆ ಇದೂ ಬೇಡ. ಬಂದಷ್ಟು ಬರಲಿ, ಎಳೆಯಬೇಡಿ.

ತೆಗೆದಾಯಿತು. ಈಗ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಫೋಟೊ ತೆಗೆಯಿರಿ. ಭೂತಗನ್ನಡಿಗಿಂತ ಇದೇ ಚೆನ್ನಾಗಿ ಕಾಣಿಸುತ್ತದೆ, ನಲವತ್ತು ದಾಟಿದ ನನ್ನಂಥವರಿಗಂತೂ. ಐದು ಸಣ್ಣ ಪ್ಯಾಡ್ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಪುಣ್ಯ. ಪ್ಯಾಡ್ ಇರಬೇಕಾದ ಕಡೆ ಮಂಕಾದ ಕಂದು ಹಲಗೆ ಕಾಣಿಸಿದರೆ ಆ ಪ್ಯಾಡ್ ಪೋರ್ಟಿನ ಜೊತೆ ಹೋಗಿದೆ. ನಿಮ್ಮ ಲಕ್ಷಣ ನೋಡಿದರೆ ಡಿ ಪ್ಲಸ್, ಡಿ ಮೈನಸ್‌ಗಳಲ್ಲಿ ಒಂದಾದರೂ ಹೋಗಿರಬೇಕು.

ಹೋದರೂ ಕಥೆ ಮುಗಿಯಲಿಲ್ಲ. ಪ್ಯಾಡ್ ಅನ್ನುವುದು ಟ್ರ್ಯಾಕಿನ ತುದಿ ಅಷ್ಟೇ. ಟ್ರ್ಯಾಕ್ ಎಲ್ಲಿಗೆ ಹೋಗುತ್ತದೋ ಅಲ್ಲಿಂದ ತಂತಿ ಎಳೆದುಕೊಂಡರೆ ಆಯಿತು, ಮೊಬೈಲ್ ರಿಪೇರಿಯವರು ಇದಕ್ಕೆ ಜಂಪರ್ ಹಾಕುವುದು ಅನ್ನುತ್ತಾರೆ. ಯುಎಸ್‌ಬಿ ಚಿಪ್ಪಿನ ಮೇಲೆ ಏನು ಬರೆದಿದೆ ನೋಡಿ. ಸಿಎಚ್340ಸಿ ಅಥವಾ ಸಿಎಚ್340ಜಿ ಅಂತಿದ್ದರೆ ನಿಮ್ಮ ಅದೃಷ್ಟ, ಹದಿನಾರು ಕಾಲು ಹೊರಗೆ ಚಾಚಿಕೊಂಡಿರುತ್ತವೆ, ಅದರಲ್ಲಿ ಐದನೇ ಕಾಲು ಡಿ ಪ್ಲಸ್, ಆರನೇದು ಡಿ ಮೈನಸ್. ಒಂದನೇ ಕಾಲಿನ ಹತ್ತಿರ ಚಿಪ್ಪಿನ ಮೇಲೆ ಸಣ್ಣ ಗುಳಿ ಇರುತ್ತದೆ, ಅಲ್ಲಿಂದ ಎಣಿಸಿ. ಸಿಪಿ2102 ಇದ್ದರೆ ಕಷ್ಟ. ಅದು 5 ಮಿಲಿಮೀಟರ್ ಚೌಕ, 28 ಕಾಲುಗಳೂ ಹೊಟ್ಟೆಯ ಕೆಳಗೆ ಅಡಗಿರುತ್ತವೆ. ನಾಲ್ಕನೇದು ಡಿ ಪ್ಲಸ್, ಐದನೇದು ಡಿ ಮೈನಸ್. ಅಲ್ಲಿಗೆ ಸಾದಾ ಐರನ್ನಿನಲ್ಲಿ ತಂತಿ ಬೆಸೆಯುವ ಸಾಹಸ ಬೇಡ. ಅದರ ಬದಲು ಟ್ರ್ಯಾಕನ್ನು ಹಿಡಿದು ಹೋಗಿ. ದಾರಿಯಲ್ಲಿ ಸಣ್ಣ ರೆಸಿಸ್ಟರ್ ಸಿಕ್ಕರೆ ಅದರ ಪೋರ್ಟ್ ಕಡೆಯ ತುದಿಗೆ ಬೆಸೆಯಿರಿ. ಅದೂ ಇಲ್ಲದಿದ್ದರೆ ಬ್ಲೇಡಿನ ಮೂಲೆಯಿಂದ ಟ್ರ್ಯಾಕಿನ ಮೇಲಿನ ಬಣ್ಣವನ್ನು ಎರಡು ಮಿಲಿಮೀಟರ್ ಮೆಲ್ಲಗೆ ಕೆರೆದು ತಾಮ್ರ ಕಾಣಿಸಿ, ಫ್ಲಕ್ಸ್ ಹಚ್ಚಿ, ತೆಳುವಾಗಿ ಲೆಡ್ ಹಿಡಿಸಿ. ಕೆರೆಯುವುದು ಅಂದೆ, ಕೊರೆಯುವುದಲ್ಲ.

ಜಂಪರ್ ತಂತಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಆರ್ಡರ್ ಹಾಕಬೇಕಿಲ್ಲ. ದಾವಣಗೆರೆಯಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿಗೇನು ಬರವೇ? ಬೋರ್‌ವೆಲ್ ಇರುವ ಕಡೆಯೆಲ್ಲ ಅವು ಇದ್ದೇ ಇರುತ್ತವೆ. ಫ್ಯಾನ್ ಕಟ್ಟುವ 36 ಗೇಜಿನ ತಂತಿ ಒಂದು ಮಾರು ಕೊಡಿ ಅನ್ನಿ, ಎಷ್ಟೋ ಕಡೆ ದುಡ್ಡೂ ತಗೊಳ್ಳುವುದಿಲ್ಲ. ಸುಮಾರು 0.19 ಮಿಲಿಮೀಟರ್ ದಪ್ಪ, ಡೇಟಾ ಸಾಲಿಗೆ ಸಾಕು. ಆದರೆ ಮೋಟರ್ ತಂತಿಯ ಮೇಲಿನ ವಾರ್ನಿಶ್ ಬಿಸಿ ತಡೆಯುವ ಜಾತಿಯದು, ಐರನ್ ತಾಗಿಸಿದರೆ ಸುಟ್ಟು ಹೋಗುವುದಿಲ್ಲ. ಮೊಬೈಲಿನವರ ಜಂಪರ್ ತಂತಿಯ ಮೇಲಿನ ಪೊರೆ ಐರನ್ ಬಿಸಿಗೇ ಕರಗುವಂಥದು, ಅದನ್ನು ನೋಡಿ ಕಲಿತವರು ಇಲ್ಲಿ ಮೋಸ ಹೋಗುತ್ತಾರೆ. ಲೆಡ್ ಮೇಲೆ ಗುಂಡಗೆ ಕೂತಿರುತ್ತದೆ, ಬೆಸೆದ ಹಾಗೆ ಕಾಣುತ್ತದೆ, ಒಳಗೆ ಸಂಪರ್ಕವೇ ಇಲ್ಲ. ತುದಿಯನ್ನು ಬ್ಲೇಡಿನಿಂದ ಸುತ್ತಲೂ ಕೆರೆದು ಕೆಂಪು ತಾಮ್ರ ಹೊಳೆಯುವ ಹಾಗೆ ಮಾಡಿ, ಮೊದಲು ತಂತಿಗೆ ಲೆಡ್ ಹಿಡಿಸಿ, ಆಮೇಲೆ ಜಾಗದಲ್ಲಿಟ್ಟು ಒಂದು ಸೆಕೆಂಡು ತಾಗಿಸಿ. ಐರನ್ ಪೂರ್ತಿ ಕಾದಿರಲಿ. ಕಾವಲಿ ಕಾಯದೆ ಹಿಟ್ಟು ಹುಯ್ದರೆ ದೋಸೆ ಏನಾಗುತ್ತದೆ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾ? ಕಡಿಮೆ ಬಿಸಿಯಲ್ಲಿ ಜಾಸ್ತಿ ಹೊತ್ತು ಇಟ್ಟರೇ ಪ್ಯಾಡ್ ಏಳುವುದು.

ಫ್ಲಕ್ಸ್ ಅಂದರೆ ಎಲೆಕ್ಟ್ರಾನಿಕ್ಸ್ ಕೆಲಸದ ರೋಸಿನ್ ಫ್ಲಕ್ಸ್. ಹಿತ್ತಾಳೆ ತಗಡಿಗೆ ಹಾಕುವ ಆಸಿಡ್ ಬೇಡ, ಆರು ತಿಂಗಳಲ್ಲಿ ಟ್ರ್ಯಾಕ್ ಹಸಿರುಗಟ್ಟಿ ತಿಂದುಹೋಗುತ್ತದೆ.

ಇಲ್ಲಿಂದ ಮುಂದೆ ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು. ಪ್ಯಾಡ್ ಹೋಗಿದ್ದರೆ ಹೊಸ ಪೋರ್ಟ್ ಹಾಕಲೇಬೇಡಿ. ಬಾಲ ಹಾಕಿ. ಹಳೇ ಡೇಟಾ ಕೇಬಲ್ ಒಂದನ್ನು ಕತ್ತರಿಸಿ ಅದರ ನಾಲ್ಕು ತಂತಿಗಳನ್ನು ನೇರ ಬೋರ್ಡಿಗೇ ಬೆಸೆದುಬಿಡುವುದು. ನೋಡಲು ಚೆಂದವಿಲ್ಲ. ಆದರೆ ತೋಟದ ಪೆಟ್ಟಿಗೆಯೊಳಗೆ ಕೂರುವ ಬೋರ್ಡಿಗೆ ಚೆಂದ ಯಾಕೆ? ನಾಲ್ಕು ಸಣ್ಣ ಬೆಸುಗೆಯಲ್ಲಿ ಮುಗಿಯುತ್ತದೆ, ನಿಮ್ಮ ಐರನ್ನಿನಲ್ಲೇ ಆಗುತ್ತದೆ, ಮತ್ತೆ ಎಳೆತವನ್ನು ಬೇಕಾದ ಕಡೆಗೆ ತಿರುಗಿಸಬಹುದು.

ಕೇಬಲ್ಲಿನೊಳಗೆ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್. ಅಗ್ಗದ ಕೇಬಲ್ಲುಗಳಲ್ಲಿ ಈ ಬಣ್ಣ ನಂಬಬೇಡಿ, ಆ ಕಡೆಯ ದೊಡ್ಡ ಪ್ಲಗ್ಗಿನಿಂದ ಬೀಪ್ ಮೋಡಿನಲ್ಲಿ ಒಂದೊಂದೇ ನೋಡಿಕೊಳ್ಳಿ. ದೊಡ್ಡ ಪ್ಲಗ್ಗಿನಲ್ಲಿ ಎರಡು ಅಂಚಿನ ಪಟ್ಟಿಗಳು ಕರೆಂಟಿನವು, ನಡುವಿನ ಎರಡು ಡೇಟಾ. ಕಪ್ಪನ್ನು ಜಿಎನ್‌ಡಿ ಕಾಲಿಗೇ ಬೆಸೆಯಬಹುದು. ಕೆಂಪನ್ನು ಮಾತ್ರ ವಿಐಎನ್ ಕಾಲಿಗೆ ಹಾಕಿ ಕೈತೊಳೆದುಕೊಳ್ಳಬೇಡಿ. ಪೋರ್ಟಿನ 5 ವೋಲ್ಟಿಗೂ ವಿಐಎನ್‌ಗೂ ನಡುವೆ ಸಾಮಾನ್ಯವಾಗಿ ಒಂದು ಡಯೋಡ್ ಇರುತ್ತದೆ. ಸಿಪಿ2102 ಚಿಪ್ಪು ಕೇಬಲ್ ಬಂತೋ ಇಲ್ಲವೋ ಅಂತ ತಿಳಿಯುವುದು ಡಯೋಡಿನ ಪೋರ್ಟ್ ಕಡೆಯ ವೋಲ್ಟಿನಿಂದ. ವಿಐಎನ್‌ಗೆ ಕೊಟ್ಟರೆ ದೀಪ ಹತ್ತುತ್ತದೆ, ಚಿಪ್ಪು ಮಾತ್ರ ಕೇಬಲ್ಲೇ ಇಲ್ಲ ಅಂದುಕೊಂಡು ಮಲಗಿರುತ್ತದೆ. ಡಯೋಡಿನ ಮೇಲೆ ಒಂದು ಗೆರೆ ಇರುತ್ತದೆ ನೋಡಿ, ಗೆರೆ ಇಲ್ಲದ ಕಾಲಿಗೆ ಕೆಂಪು ಬೆಸೆಯಿರಿ. ಮೊದಲನೇ ಪ್ಯಾಡ್ ಉಳಿದಿದ್ದರೆ ಅಲ್ಲಿಗೂ ಸರಿ.

ಕೆಂಪು ಕಪ್ಪಿಗೆ ಕೂದಲಿನಂಥ ಜಂಪರ್ ತಂತಿ ಬಳಸಬೇಡಿ, ಕೇಬಲ್ಲಿನ ತಂತಿಯನ್ನೇ ನೇರ ತನ್ನಿ. ಇಎಸ್‌ಪಿ32 ವೈಫೈ ಕಳಿಸುವ ಗಳಿಗೆಯಲ್ಲಿ 240 ಮಿಲಿಆಂಪಿನವರೆಗೂ ಎಳೆಯುತ್ತದೆ. ತಂತಿ ತೆಳುವಾಗಿ ಉದ್ದವಾಗಿದ್ದರೆ ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತಾ ಇರುತ್ತದೆ, ಬ್ರೌನ್‌ಔಟ್ ಅಂತ ಸ್ಕ್ರೀನ್ ಮೇಲೆ ಬರುತ್ತಿರುತ್ತದೆ. ಡೇಟಾ ತಂತಿಗೆ ಆ ಭಯವಿಲ್ಲ. ಈ ಚಿಪ್ಪುಗಳ ಯುಎಸ್‌ಬಿ ವೇಗ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ, ಎರಡು ಮೂರು ಸೆಂಟಿಮೀಟರ್ ಜಂಪರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎರಡನ್ನೂ ಒಂದೇ ಉದ್ದ ಇಟ್ಟು ಜೊತೆಯಾಗಿ ತಂದರೆ ಸಾಕು.

ಈಗ ಎಳೆತ. ಬೆಸೆದ ತಂತಿಯ ಮೇಲೆ ಒಂದು ಗ್ರಾಂ ಎಳೆತವೂ ಬೀಳಬಾರದು. ನಿಮ್ಮ ಬೋರ್ಡಿನ ಮೂಲೆಗಳಲ್ಲಿ ಸ್ಕ್ರೂ ಹಾಕುವ ತೂತುಗಳಿರುತ್ತವೆ. ಕೇಬಲ್ಲಿನ ದಪ್ಪ ಮೈಯನ್ನು ಬೋರ್ಡಿನ ಮೇಲೆ ಮಲಗಿಸಿ, ಪೋರ್ಟ್ ಕಡೆಯ ಎರಡು ತೂತಿನ ಮೂಲಕ ಸಣ್ಣ ಜಿಪ್ ಟೈ ಹಾಕಿ ಬಿಗಿ ಮಾಡಿ. ಬೆಸುಗೆಯವರೆಗಿನ ತಂತಿ ಸ್ವಲ್ಪ ಡೊಂಕಾಗಿ ಸಡಿಲವಾಗಿರಲಿ. ಇನ್ನು ಯಾರ ಕಾಲು ಸಿಕ್ಕಿದರೂ ಇಡೀ ಬೋರ್ಡ್ ಎಳೆದುಕೊಂಡು ಬರುತ್ತದೆ ಹೊರತು ಪ್ಯಾಡ್ ಕೀಳುವುದಿಲ್ಲ. ಎಲ್ಲ ಪರೀಕ್ಷೆ ಆದ ಮೇಲೆ ಜಂಪರುಗಳ ಮೇಲೆ ಎರಡು ಟ್ಯೂಬ್ ಕಲಸುವ ಎಪಾಕ್ಸಿ ಒಂದು ಹನಿ ಹಾಕಿ. ಹಾಟ್ ಗ್ಲೂ ಡೆಮೊ ಟೇಬಲ್ ಮೇಲೆ ನಡೆಯುತ್ತದೆ, ತೋಟದಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತಗಡಿನ ಪೆಟ್ಟಿಗೆ ಕಾದಾಗ ಅದು ಮೆತ್ತಗಾಗಿ ಬಿಡುತ್ತದೆ.

ಪ್ಯಾಡುಗಳೆಲ್ಲ ಉಳಿದಿವೆ, ಪೋರ್ಟೇ ಬೇಕು ಅಂತ ಆಸೆಯಿದ್ದರೆ ಹಾಕಿ, ಬೇಡ ಅನ್ನುವುದಿಲ್ಲ. ತರುವಾಗ ಹಳೇ ಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮೈಕ್ರೊ ಯುಎಸ್‌ಬಿ ಹೊರಗಿನಿಂದ ಎಲ್ಲ ಒಂದೇ ಥರ ಕಂಡರೂ ತಗಡಿನ ಕಾಲುಗಳ ಜಾಗ ಬೇರೆ ಬೇರೆ. ನಾನು ಒಂದು ಸಲ ಅಗ್ಗಕ್ಕೆ ಸಿಕ್ಕವು ಅಂತ ಐವತ್ತು ತರಿಸಿ, ಒಂದೂ ಕೂರದೆ ಡಬ್ಬಿಯಲ್ಲಿ ಹಾಗೇ ಬಿದ್ದಿವೆ. ಬೋರ್ಡಿನಲ್ಲಿ ತೂತುಗಳಿದ್ದರೆ ತೂತಿನೊಳಗೆ ಇಳಿಯುವ ಕಾಲಿನ ಜಾತಿಯನ್ನೇ ತನ್ನಿ, ಮೇಲ್ಮೈಗೆ ಅಂಟುವ ಜಾತಿಗಿಂತ ಎಷ್ಟೋ ಗಟ್ಟಿ. ಬೆಸೆಯುವಾಗ ಮೊದಲು ಒಂದು ತಗಡಿನ ಕಾಲು ಮಾತ್ರ. ನೇರ ಕೂತಿದೆಯಾ ನೋಡಿ ಎದುರಿನದು. ಕೊನೆಗೆ ಐದು ಸಣ್ಣ ಕಾಲುಗಳಿಗೆ ಫ್ಲಕ್ಸ್ ಹಾಕಿ ಲೆಡ್ ಹಿಡಿದ ತುದಿಯನ್ನು ಒಂದೇ ಸಲ ಎಳೆದುಬಿಡಿ. ಎರಡು ಕಾಲು ಕೂಡಿಕೊಂಡರೆ ಗಾಬರಿ ಬೇಡ, ತಾಮ್ರದ ಜಾಲರಿ ಪಟ್ಟಿ ಇಟ್ಟು ಹೀರಿಸಿ. ಇದಕ್ಕೆಲ್ಲ ಚೂಪು ತುದಿಯ, ಬಿಸಿ ಹೊಂದಿಸುವ ಐರನ್ ಇದ್ದರೆ ಒಳ್ಳೆಯದು, 330 ಡಿಗ್ರಿ ಸುತ್ತಮುತ್ತ ಇಟ್ಟುಕೊಳ್ಳಿ.

ಯಾವ ದಾರಿ ಹಿಡಿದರೂ ಲ್ಯಾಪ್‌ಟಾಪಿಗೆ ಚುಚ್ಚುವ ಮುಂಚೆ ಮೀಟರ್ ಇನ್ನೊಂದು ಸಲ. 5 ವೋಲ್ಟ್ ಸಾಲಿಗೂ ಗ್ರೌಂಡಿಗೂ ಶಾರ್ಟ್ ಇರಬಾರದು, 5 ವೋಲ್ಟಿಗೂ ಡಿ ಮೈನಸ್‌ಗೂ ಇರಬಾರದು, ಎರಡು ಡೇಟಾ ಸಾಲಿನ ನಡುವೆಯೂ ಇರಬಾರದು. ಆಮೇಲೆ ಡಯೋಡ್ ಮೋಡಿಗೆ ತಿರುಗಿಸಿ. ಕೆಂಪು ಕಡ್ಡಿ ಗ್ರೌಂಡಿಗೆ, ಕಪ್ಪು ಕಡ್ಡಿ ಡಿ ಪ್ಲಸ್‌ಗೆ. ಉಲ್ಟಾ ಅಲ್ವಾ ಅನ್ನಬೇಡಿ, ಬೇಕೆಂದೇ ಉಲ್ಟಾ. ಚಿಪ್ಪಿನೊಳಗಿನ ರಕ್ಷಣೆಯ ಡಯೋಡು ಹೀಗೆ ಹಿಡಿದರೆ ಸುಮಾರು 0.5ರಿಂದ 0.7 ತೋರಿಸುತ್ತದೆ. ಡಿ ಮೈನಸ್‌ನಲ್ಲೂ ಹೆಚ್ಚುಕಡಿಮೆ ಅದೇ ಅಂಕೆ ಬರಬೇಕು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಆ ಜಂಪರ್ ಹಿಡಿದಿಲ್ಲ. ಒಂದರಲ್ಲಿ ಸೊನ್ನೆ ಬಂದರೆ ಎಲ್ಲೋ ಗ್ರೌಂಡಿಗೆ ತಾಗಿದೆ, ಇಲ್ಲವೇ ಚಿಪ್ಪು ಸುಟ್ಟಿದೆ. ಈ ಒಂದು ಪರೀಕ್ಷೆ ಅರ್ಧ ಗಂಟೆಯ ತಲೆನೋವು ಉಳಿಸುತ್ತದೆ.

ಎಲ್ಲ ಸರಿ ಇದ್ದರೆ ಮೊದಲು ಚಾರ್ಜರಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ಯಾವುದಾದರೂ ಸುಡುತ್ತಿದೆಯಾ ಅಂತ ಬೆರಳಿಟ್ಟು ನೋಡಿ. ಆಮೇಲೆ ಲ್ಯಾಪ್‌ಟಾಪ್. ಡಿವೈಸ್ ಗುರುತು ಸಿಗಲಿಲ್ಲ ಅಂತ ಬಂದರೆ ಬಿಳಿ ಹಸಿರು ಅದಲುಬದಲಾಗಿರಬಹುದು. ಅದರಿಂದ ಏನೂ ಸುಡುವುದಿಲ್ಲ, ಬದಲಿಸಿ ನೋಡಿ.

ನೀವು ಕೇಳದೇ ಇರುವುದು ಒಂದಿದೆ. ತ್ರೀ ಫೇಸ್ ಬಂತು ಅಂತ ಬೋರ್ಡಿಗೆ ತಿಳಿಯುವುದು ಹೇಗೆ? ಆಪ್ಟೊಕಪ್ಲರ್ (ತಂತಿ ಸೇರಿಸದೆ ಬೆಳಕಿನಲ್ಲೇ ಸಿಗ್ನಲ್ ದಾಟಿಸುವ ಭಾಗ) ಅಥವಾ ಪ್ರತಿ ಫೇಸಿಗೂ ಒಂದು ಹಳೇ ಮೊಬೈಲ್ ಚಾರ್ಜರ್ ಇಟ್ಟಿದ್ದರೆ ಸರಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ರೆಸಿಸ್ಟರಿನಲ್ಲೇ ವೋಲ್ಟ್ ಇಳಿಸುವ ಸರ್ಕ್ಯೂಟ್ ಹಾಕಿದ್ದರೆ ಬೋರ್ಡಿನ ಗ್ರೌಂಡೇ ಲೈನಿಗೆ ಸೇರಿರುತ್ತದೆ, ಆಗ ನೀವು ಹೊಸದಾಗಿ ಹಾಕಿದ ಬಾಲವನ್ನು ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ನಿಂತು ಲ್ಯಾಪ್‌ಟಾಪಿಗೆ ಚುಚ್ಚಿದರೆ ಲ್ಯಾಪ್‌ಟಾಪಿನ ಲೋಹದ ಭಾಗವೆಲ್ಲ ಲೈವ್, ಮುಟ್ಟಿದ ಕೈಯೂ. ಅಂಥ ಸರ್ಕ್ಯೂಟ್ ಇದ್ದರೆ ಪ್ರೋಗ್ರಾಂ ಹಾಕುವಾಗ ಮೈನ್ಸ್ ತಂತಿ ಪೂರ್ತಿ ಬಿಚ್ಚಿಡಿ, ಸ್ವಿಚ್ ಆಫ್ ಮಾಡಿದ್ದೇನೆ ಅಂದರೆ ಸಾಲದು. ನಿಮ್ಮ ಸರ್ಕ್ಯೂಟಿನ ಚಿತ್ರ ಮತ್ತು ಪೋರ್ಟ್ ತೆಗೆದ ಮೇಲಿನ ಫೋಟೊ ಎರಡೂ ಕಳಿಸಿ. ಯಾವ ಪ್ಯಾಡ್ ಹೋಗಿದೆ, ತಂತಿ ಎಲ್ಲಿಂದ ತರಬೇಕು ಅಂತ ಫೋಟೊ ಮೇಲೇ ಗೆರೆ ಎಳೆದು ತೋರಿಸುತ್ತೇನೆ.